ಉಪಗ್ರಹದ ಚಿತ್ರಕ್ಕೆ ಬೆಲೆ ಎಷ್ಟು?

ವಿದ್ಯಾರ್ಥಿಗಳೇ, ಮೊದಲು ಒಂದು ಗುಣಾಕಾರ ಮಾಡಿ. ಒಂದು ಚಿತ್ರಕ್ಕೆ 600 ಡಾಲರ್. ಬೇಕಾದ ಚಿತ್ರಗಳು 6,54,178. ಒಟ್ಟು ಎಷ್ಟಾಯಿತು? ಸುಮಾರು 39 ಕೋಟಿ ಡಾಲರ್! ಯಾವ ಸಂಶೋಧಕರ ಬಳಿ ಇಷ್ಟು ಹಣ ಇದ್ದೀತು?

ಅಮೆರಿಕದ ಲ್ಯಾಂಡ್‌ಸ್ಯಾಟ್ ಸರಣಿಯ ಉಪಗ್ರಹಗಳು 1972ರಿಂದ ಭೂಮಿಯ ನೆಲ, ನೀರು, ಕಾಡುಗಳ ಚಿತ್ರ ತೆಗೆಯುತ್ತಿವೆ. 1980ರ ದಶಕದಲ್ಲಿ ಚಿತ್ರಗಳ ಮಾರಾಟವನ್ನು ಖಾಸಗಿ ಕಂಪನಿಗೆ ವಹಿಸಲಾಯಿತು. ಮುಂದೆ ಒಂದು ಚಿತ್ರದ ಬೆಲೆ 4,000 ಡಾಲರ್ ದಾಟಿತು. 1999ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್-7ರ ಚಿತ್ರಕ್ಕೂ 600 ಡಾಲರ್ ತೆರಬೇಕಿತ್ತು. 2008ರಲ್ಲಿ ಅಮೆರಿಕ ತನ್ನ ಸಂಗ್ರಹವನ್ನು ಇಡೀ ಜಗತ್ತಿಗೆ ಉಚಿತವಾಗಿ ತೆರೆಯಲು ನಿರ್ಧರಿಸಿತು.

ಫಲ ಏನಾಯಿತು? ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ತಜ್ಞರ ತಂಡ ಲ್ಯಾಂಡ್‌ಸ್ಯಾಟ್-7ರ ಅಷ್ಟೂ ಚಿತ್ರಗಳನ್ನು ಜೋಡಿಸಿ, 2013ರಲ್ಲಿ ಜಗತ್ತಿನ ಕಾಡುಗಳ ನಕ್ಷೆ ಪ್ರಕಟಿಸಿತು. 2000ದಿಂದ 2012ರವರೆಗೆ ಅಳಿದ ಕಾಡು 23 ಲಕ್ಷ ಚದರ ಕಿಲೋಮೀಟರ್. ಹೊಸದಾಗಿ ಬೆಳೆದದ್ದು 8 ಲಕ್ಷ ಮಾತ್ರ.

'ಪುಕ್ಕಟೆ ಕೊಟ್ಟರೆ ನಷ್ಟವಲ್ಲವೇ?' ಎಂದು ಪೋಷಕರು ಕೇಳಬಹುದು. ಉಪಗ್ರಹದ ಖರ್ಚನ್ನು ತೆರಿಗೆದಾರರು ಆಗಲೇ ಭರಿಸಿರುತ್ತಾರೆ. ದೀಪದಿಂದ ದೀಪ ಹಚ್ಚಿದರೆ ಮೊದಲಿನದರ ಬೆಳಕು ಕುಂದುವುದಿಲ್ಲ. ಆದರೂ 2018ರಲ್ಲಿ ಅಮೆರಿಕದಲ್ಲಿ ಮತ್ತೆ ಶುಲ್ಕ ವಿಧಿಸುವ ಆಲೋಚನೆ ನಡೆದಿತ್ತು. ತೆರೆದ ಬಾಗಿಲನ್ನು ಮುಚ್ಚಲೂಬಹುದು ಎಂಬುದನ್ನು ಮರೆಯಬಾರದು. ನಮ್ಮ ದೇಶದ 2023ರ ಬಾಹ್ಯಾಕಾಶ ನೀತಿಯೂ ಇಸ್ರೋದ ದೂರಸಂವೇದಿ ಚಿತ್ರಗಳಲ್ಲಿ ತೀರಾ ಸೂಕ್ಷ್ಮವಾದವನ್ನು ಬಿಟ್ಟು, 5 ಮೀಟರ್ ಹಾಗೂ ಅದಕ್ಕಿಂತ ಸ್ಥೂಲ ವಿವರದವು ಎಲ್ಲರಿಗೂ ಉಚಿತ ಎಂದಿದೆ.

ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಚುಕ್ಕೆ ಎಂದರೆ ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲ. ನಿಮ್ಮೂರಿನ ಕೆರೆಯ ಹಳೆಯ ಚಿತ್ರವನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೀರಿನ ಚುಕ್ಕೆಗಳನ್ನು ಎಣಿಸಿ ನೋಡಿ. ಎಷ್ಟು ಉಳಿದಿವೆ?