ಶಾಲೆಯಲ್ಲಿ ಕೇಳಬೇಕಾದ ಪ್ರಶ್ನೆ
ಠಾಣೆಯಲ್ಲೋ ನವಿ ಮುಂಬಯಿಯಲ್ಲೋ ಮಗುವನ್ನು ಶಾಲೆಗೆ ಸೇರಿಸುವವರು, ಅಲ್ಲಿ ಕೌನ್ಸೆಲರ್ ಇದ್ದಾರೆಯೇ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ವಾರದಲ್ಲಿ ಎಷ್ಟು ದಿನ ಬರುತ್ತಾರೆ, ಬಾಗಿಲು ಮುಚ್ಚಿ ಮಾತಾಡಲು ಕೋಣೆಯಿದೆಯೇ, ಮಗು ಹೇಳಿಕೊಂಡದ್ದು ಸಂಜೆಯೊಳಗೆ ಸ್ಟಾಫ್ ರೂಮಿಗೆ ತಲುಪುತ್ತದೆಯೇ ಎಂದೂ ವಿಚಾರಿಸಿ. ಶಾಲೆ ಶಾಲೆಗೂ ವ್ಯತ್ಯಾಸವಾಗುವುದು ಇಲ್ಲೇ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರೋ ಮನಶ್ಶಾಸ್ತ್ರಜ್ಞರೋ ಸಮಾಜಕಾರ್ಯಕರ್ತರೋ ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಸಾವಿರಾರು ಮಕ್ಕಳ ಶಾಲೆಯೂ ಆ ಒಬ್ಬರಲ್ಲೇ ಮುಗಿಸಿಬಿಟ್ಟರೆ ಏನು ಬಂತು? ಡೊಂಬಿವಲಿ, ಕಲ್ಯಾಣಗಳಲ್ಲಂತೂ ಅಪ್ಪ ಅಮ್ಮ ಬೆಳಗಿನ ಲೋಕಲ್ ಹಿಡಿದರೆ ಮರಳುವುದು ರಾತ್ರಿ. ಆ ಮಕ್ಕಳ ಮಾತಿಗೆ ಕಿವಿಗೊಡಬೇಕಾದ್ದು ಶಾಲೆಯೇ. ಅಲ್ಲಿ ಯಾರೂ ಸಿಗದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೂ ಮಾತಾಡಬಹುದು.