ಬಿಟ್ಟು ಬಿಟ್ಟು ಮುಗ್ಗರಿಸುವ ಇಂಜಿನು

ಅಂಬಾಸಡರ್ ಕಾರಿನ ತಯಾರಿಕೆಯು 2014ರಲ್ಲಿ ನಿಂತುಹೋಯಿತಾದರೂ, ಅದನ್ನು ಮನೆಯ ಹಿರಿಯರಂತೆ ಕಾಪಾಡಿಕೊಂಡು ಬಂದಿರುವ ಕುಟುಂಬಗಳು ಇಂದಿಗೂ ಉಂಟು. ಕಾರ್ಬ್ಯುರೇಟರುಳ್ಳ ಅದರ ಹಳೆಯ ಪೆಟ್ರೋಲು ಇಂಜಿನು ಒಮ್ಮೆ ಸುಸೂತ್ರವಾಗಿ ಓಡಿ ಇನ್ನೊಮ್ಮೆ ಮುಗ್ಗರಿಸತೊಡಗಿದರೆ, ಒಡನೆಯೇ ಕಾರ್ಬ್ಯುರೇಟರಿನ ತಿರುಪುಗಳಿಗೆ ಕೈಹಚ್ಚುವುದು ಲೋಕರೂಢಿ. ಇದು ಯುಕ್ತವಲ್ಲವೆಂದು ನಾವು ಹೇಳುವೆವು. ಬಿಟ್ಟು ಬಿಟ್ಟು ಬರುವ ಜ್ವರಕ್ಕೆ ವೈದ್ಯನು ಅದು ಏರುವ ವೇಳೆಯನ್ನು ಮೊದಲು ವಿಚಾರಿಸುವಂತೆ, ಇಲ್ಲಿಯೂ ದೋಷವು ತೋರುವ ಸಮಯವನ್ನು ಮೊದಲು ಗುರುತಿಸತಕ್ಕದ್ದು.

ಇಂಜಿನು ಥಟ್ಟನೆ ತಪ್ಪಿ ಥಟ್ಟನೆ ಸರಿಹೋಗುವುದಾದರೆ ದೋಷವು ಬಹುಮಟ್ಟಿಗೆ ಕಿಡಿಯಲ್ಲಿರುತ್ತದೆ. ಸ್ಪಾರ್ಕ್ ಪ್ಲಗ್ಗು, ಕಾಂಟ್ಯಾಕ್ಟ್ ಪಾಯಿಂಟು, ಸಡಿಲವಾದ ತಂತಿ ಇವನ್ನು ನೋಡಬೇಕು. ಮಳೆಯಲ್ಲಿ ಮಾತ್ರ ಕೆಡುವುದಾದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳದಲ್ಲಿ ತೇವವೋ ಬಿರುಕೋ ಇದ್ದೀತು. ಕಾದ ಮೇಲೆ ಕೆಟ್ಟು ಆರಿದ ಮೇಲೆ ಸರಿಯಾಗುವುದಾದರೆ ಕಾಯಿಲು, ಕಂಡೆನ್ಸರುಗಳು ಸಂಶಯಾಸ್ಪದ. ಕೊಳವೆಯಲ್ಲಿ ಪೆಟ್ರೋಲು ಆವಿಯಾಗಿರಲೂಬಹುದು. ಏರುದಾರಿಯಲ್ಲಿ ಮೆಲ್ಲಮೆಲ್ಲನೆ ಬಳಲುವುದಾದರೆ ಪೆಟ್ರೋಲು ಸಾಲದೆಂದು ತಿಳಿದು ಪಂಪು, ಫಿಲ್ಟರು, ಜೆಟ್ಟುಗಳನ್ನು ಪರೀಕ್ಷಿಸಬೇಕು.

ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲಿನವರೆಗೆ ಎಥನಾಲು ಬೆರೆತಿರುವುದರಿಂದ ಹಳೆಯ ರಬ್ಬರು ಕೊಳವೆಗಳು ಶಿಥಿಲವಾಗಿ, ಅವುಗಳ ಚೂರು ಜೆಟ್ಟನ್ನು ಮುಚ್ಚುವುದುಂಟು. ಸೋರಿದ ಪೆಟ್ರೋಲು ಕಾದ ಇಂಜಿನಿನ ಮೇಲೆ ಬಿದ್ದರೆ ಮಕ್ಕಳುಮರಿ ಕುಳಿತ ವಾಹನಕ್ಕೆ ಬೆಂಕಿಯ ಅಪಾಯ ಒದಗೀತು. ಆದಕಾರಣ ಎಥನಾಲನ್ನು ತಾಳುವ ಕೊಳವೆಗಳನ್ನು ತಡಮಾಡದೆ ಹಾಕಿಸತಕ್ಕದ್ದು.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ತಾರೀಖಿನೊಡನೆ ಬರೆದಿಡಿರಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದು ಗುಣಕೊಟ್ಟಿತೆಂದು ತಿಳಿಯದು. ದೋಷವು ಮರಳಿದಾಗ ಮೊದಲಿನಿಂದ ಹುಡುಕಬೇಕಾದೀತು.