ಕಂಠ ಕೊಟ್ಟವರ ಬಾಯಿಗೆ ಬೀಗ

2019ರ ಏಪ್ರಿಲ್‌ನಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಟ್ಯಾರಂಟ್ ಕೌಂಟಿ ನ್ಯಾಯಾಲಯಕ್ಕೆ ಒಂದು ದಾವೆ ಬಂತು. ಹೂಡಿದವರು ಕಂಠದಾನ ಕಲಾವಿದ ವಿಕ್ ಮಿನ್ಯೋನಾ. ಜಪಾನಿನ ಅನಿಮೆಗಳನ್ನು ಇಂಗ್ಲಿಷಿನಲ್ಲಿ ನೋಡಿ ಬೆಳೆದ ಹುಡುಗರಿಗೆ ಚಿರಪರಿಚಿತ ದನಿ. 'ಫುಲ್‌ಮೆಟಲ್ ಆಲ್ಕೆಮಿಸ್ಟ್'ನ ಎಡ್ವರ್ಡ್ ಎಲ್ರಿಕ್ ಇವರೇ, 'ಡ್ರ್ಯಾಗನ್ ಬಾಲ್'ನ ಬ್ರೋಲಿಯೂ ಇವರೇ. ಪ್ರತಿವಾದಿಗಳು ಯಾರು? ಫ್ಯೂನಿಮೇಷನ್ ಎಂಬ ಡಬ್ಬಿಂಗ್ ಕಂಪನಿ, ಅದೇ ಕಂಪನಿಯ ಅನಿಮೆಗಳಿಗೆ ಕಂಠ ಕೊಡುತ್ತಿದ್ದ ಮೋನಿಕಾ ರಿಯಾಲ್ ಮತ್ತು ಜೇಮಿ ಮಾರ್ಕಿ, ಜೊತೆಗೆ ರಿಯಾಲ್ ಅವರ ಸಂಗಾತಿ. ಮಾನನಷ್ಟವಾಯಿತು ಎಂಬುದು ಒಂದು ದೂರು. ಇನ್ನೊಂದು ದೂರು, ಇವರೆಲ್ಲ ಸೇರಿ ಸಂಚು ಹೂಡಿ ನನ್ನ ಅನ್ನಕ್ಕೆ ಕಲ್ಲು ಹಾಕಿದರು ಎಂಬುದು.

ಸಂಚು! ಜೊತೆಗೆ ದುಡಿಯುವ ಹೆಂಗಸರು ಬಾಯಿ ಮುಚ್ಚಿಕೊಂಡಿರುವಷ್ಟು ದಿನ ಅದು 'ನಮ್ಮದೆಲ್ಲ ಒಂದೇ ಕುಟುಂಬ'. ಬಾಯಿ ತೆರೆದ ಮರುಗಳಿಗೆಯೇ ಸಂಚು, ಹೊಟ್ಟೆಕಿಚ್ಚು, ಪೈಪೋಟಿ.

ನಡೆದದ್ದಿಷ್ಟು. ಆ ವರ್ಷದ ಜನವರಿಯಲ್ಲಿ ಬ್ರೋಲಿಯ ಸಿನಿಮಾ ಅಮೆರಿಕದಲ್ಲಿ ತೆರೆಕಂಡಿತು. ಅದೇ ತಿಂಗಳು ಮಿನ್ಯೋನಾ ಬಗೆಗಿನ ಹಳೆಯ ಪಿಸುಮಾತುಗಳೆಲ್ಲ ಒಮ್ಮೆಗೇ ಬಯಲಿಗೆ ಬಂದವು. ಅಭಿಮಾನಿಗಳ ಸಮ್ಮೇಳನಗಳಲ್ಲಿ ಬೇಡವೆಂದರೂ ಅಪ್ಪಿಕೊಂಡರು, ಮುತ್ತಿಟ್ಟರು ಎಂದು ಹಲವರು ಹೇಳಿದರು. 'ಅನಿಮೆ ನ್ಯೂಸ್ ನೆಟ್‌ವರ್ಕ್' ಎಂಬ ಸುದ್ದಿತಾಣ ಅವನ್ನು ಕಲೆಹಾಕಿ ಪ್ರಕಟಿಸಿತು. ರಿಯಾಲ್ ಮತ್ತು ಮಾರ್ಕಿ ತಮ್ಮ ಅನುಭವವನ್ನೂ ಹೇಳಿಕೊಂಡರು. ಮಿನ್ಯೋನಾ ಆರೋಪಗಳನ್ನು ಅಲ್ಲಗಳೆದರು. ಫೆಬ್ರವರಿಯಲ್ಲಿ ಫ್ಯೂನಿಮೇಷನ್, ತನಿಖೆ ಮಾಡಿದ್ದೇವೆ, ಇನ್ನು ಇವರಿಗೆ ಕೆಲಸ ಕೊಡುವುದಿಲ್ಲ ಎಂದು ಚುಟುಕಾಗಿ ಪ್ರಕಟಿಸಿ ಕೈತೊಳೆದುಕೊಂಡಿತು. ಯಾರನ್ನು ವಿಚಾರಿಸಿದರು, ಏನು ಕಂಡುಕೊಂಡರು, ಇಷ್ಟು ಕಾಲ ಕಿವಿಗೆ ಹತ್ತಿ ಇಟ್ಟುಕೊಂಡಿದ್ದು ಯಾಕೆ? ಆ ಹೇಳಿಕೆಯಲ್ಲಿ ಉತ್ತರವಿಲ್ಲ. ಆರೋಪ ಹೊತ್ತವರಿಗೂ ಉತ್ತರ ಸಿಗಲಿಲ್ಲ, ದೂರಿದವರಿಗೂ ಸಿಗಲಿಲ್ಲ.

ಅಲ್ಲಿಗೆ ಅಭಿಮಾನಿ ಪಡೆ ಬಂತು. 'ಕಿಕ್ ವಿಕ್' ಅಂತ ಒಂದು ಗುಂಪು, 'ಐ ಸ್ಟ್ಯಾಂಡ್ ವಿತ್ ವಿಕ್' ಅಂತ ಇನ್ನೊಂದು. ಎರಡನೆಯದು ಅವರ ವಕೀಲರ ಖರ್ಚಿಗೆಂದು ಚಂದಾ ಎತ್ತಿ ಎರಡು ಲಕ್ಷ ಡಾಲರ್‌ಗೂ ಮಿಕ್ಕಿ ಕೂಡಿಸಿತು. ಕಾರ್ಟೂನಿನ ವೀರನ ದನಿ ಕೇಳಿ ಬೆಳೆದವರು ದನಿಯ ಹಿಂದಿನ ಮನುಷ್ಯನೂ ವೀರನೇ ಇರಬೇಕು ಎಂದುಕೊಂಡು ಜೇಬು ಬರಿದು ಮಾಡಿಕೊಂಡರು. ಆಕ್ಷೇಪವೆತ್ತಿದ ಹೆಂಗಸರ ಪಾಲಿಗೆ ಬಂದದ್ದು ಬೈಗುಳ.

ಸಾರ್ವಜನಿಕ ವಿಷಯದಲ್ಲಿ ಮಾತಾಡಿದವರ ಬಾಯನ್ನು ದಾವೆ ಹೂಡಿ ಮುಚ್ಚಿಸಕೂಡದು ಎಂದು ಟೆಕ್ಸಾಸ್ 2011ರಲ್ಲೇ ಒಂದು ಕಾಯ್ದೆ ಮಾಡಿಕೊಂಡಿತ್ತು. ಅದರಡಿ ನ್ಯಾಯಾಧೀಶ ಜಾನ್ ಚುಪ್ 2019ರ ಶರತ್ಕಾಲದಲ್ಲೇ ಇಡೀ ದಾವೆಯನ್ನು ವಜಾ ಮಾಡಿದರು. ಎದುರಾಳಿಗಳ ವಕೀಲರ ಖರ್ಚನ್ನೂ ಮಿನ್ಯೋನಾ ತಲೆಗೆ ಕಟ್ಟಿದರು. ಖರ್ಚಿನ ಲೆಕ್ಕದ ತಕರಾರು ಆಮೇಲೂ ಎಳೆದಾಡಿತು. ದಾವೆ ವಜಾ ಆದದ್ದನ್ನು ಮಾತ್ರ ಮೇಲ್ಮನವಿ ನ್ಯಾಯಾಲಯ 2022ರಲ್ಲಿ ಎತ್ತಿಹಿಡಿಯಿತು. ಇಲ್ಲೊಂದು ಮಾತು ನೇರವಾಗಿ ಹೇಳಬೇಕು. ಆರೋಪಗಳಲ್ಲಿ ಬರುವ ಹೋಟೆಲಿನ ಕೋಣೆಯಲ್ಲಿ ಏನು ನಡೆಯಿತು, ಏನು ನಡೆಯಲಿಲ್ಲ ಎಂದು ನ್ಯಾಯಾಲಯ ತೀರ್ಪು ಕೊಡಲಿಲ್ಲ. ಕಾನೂನು ಕೇಳುವಷ್ಟು ಸಾಕ್ಷ್ಯವನ್ನು ವಾದಿ ಮುಂದಿಡಲಿಲ್ಲ ಎಂದಿತು, ಅಷ್ಟೆ. ನನಗೂ ಆ ಕೋಣೆಯ ಪಂಚಾಯಿತಿ ಬೇಡ. ನನ್ನ ಸಿಟ್ಟು ಆ ಕೋಣೆಯನ್ನು ಕಟ್ಟಿದವರ ಮೇಲೆ.

ಡಬ್ಬಿಂಗ್ ಕೆಲಸವನ್ನು ಹತ್ತಿರದಿಂದ ನೋಡಿ. ಗಾಜಿನ ಆಚೆ ನಿರ್ದೇಶಕ, ಎಂಜಿನಿಯರ್. ಈಚೆ ಮೈಕಿನ ಮುಂದೆ ಒಬ್ಬರೇ ಒಬ್ಬರು. ಕಿವಿಯಲ್ಲಿ ಮೂರು ಬೀಪ್ ಕೇಳುತ್ತವೆ, ನಾಲ್ಕನೆಯದು ಬರಬೇಕಿದ್ದ ಜಾಗಕ್ಕೆ ಸರಿಯಾಗಿ ಮಾತು ಶುರುವಾಗಬೇಕು. ಪರದೆಯ ಮೇಲಿನ ಬಾಯಿ ಮುಚ್ಚುವಷ್ಟರಲ್ಲಿ ಸಾಲು ಮುಗಿಯಬೇಕು. ಕಿರುಚು, ಅಳು, ಏದುಸಿರು, ಸಾವು ಎಲ್ಲವೂ ಗಂಟೆ ಲೆಕ್ಕದ ಕೂಲಿಗೆ. ಪ್ರೇಮಿಯೂ ಪ್ರೇಯಸಿಯೂ ಬೇರೆ ಬೇರೆ ದಿನ ಬಂದು ಹೋಗುತ್ತಾರೆ. ಜೊತೆಯವರಿಗೆ ಎಷ್ಟು ಸಿಕ್ಕಿತು, ಆ ನಿರ್ದೇಶಕ ಅವರ ಹತ್ತಿರ ಹೇಗೆ ನಡೆದುಕೊಂಡ ಎಂಬುದು ಯಾರಿಗೂ ಗೊತ್ತಾಗದ ಏರ್ಪಾಡು ಇದು. ನಾಳೆ ಯಾರಿಗೆ ಕರೆ ಹೋಗಬೇಕು ಎಂಬುದು ಗಾಜಿನ ಆಚೆಯವರ ಮರ್ಜಿ.

ಕೂಲಿ ಎಷ್ಟು? 'ಜುಜುತ್ಸು ಕೈಸೆನ್ 0' ಸಿನಿಮಾ 2022ರಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ 3 ಕೋಟಿ ಡಾಲರ್‌ಗೂ ಹೆಚ್ಚು ಬಾಚಿತು. ಅದರಲ್ಲಿ ರಿಕಾ ಎಂಬ ಮುಖ್ಯ ಪಾತ್ರಕ್ಕೆ ಇಂಗ್ಲಿಷ್ ದನಿ ಕೊಟ್ಟ ಅನಾಯ್ರಿಸ್ ಕಿನ್ಯೋನೆಸ್ ತನಗೆ ಸಿಕ್ಕಿದ್ದು 150 ಡಾಲರ್ ಎಂದು ಬಹಿರಂಗವಾಗಿ ಹೇಳಿದರು. ಅದಕ್ಕೆ ಒಂದು ವರ್ಷ ಮೊದಲು, ಸೋನಿಯ ಒಡೆತನದ ಫ್ಯೂನಿಮೇಷನ್ ತನ್ನ ಎದುರಾಳಿ ಕ್ರಂಚಿರೋಲ್ ಅನ್ನು 117.5 ಕೋಟಿ ಡಾಲರ್ ಕೊಟ್ಟು ಕೊಂಡಿತ್ತು. ಕಂಪನಿ ಕಂಪನಿಯ ನಡುವೆ ಪೈಪೋಟಿಯಿದ್ದರೆ ಕೊಂಡು ಮುಗಿಸಬಹುದು. ಪೈಪೋಟಿಯ ಕಳಂಕ ಹೊರಬೇಕಾದವರು ಮಾತ್ರ ಮೈಕಿನ ಮುಂದಿನ ಕೂಲಿಗಳು.

ಸ್ಟುಡಿಯೋ ಕೂಲಿಯಲ್ಲಿ ಹೊಟ್ಟೆ ತುಂಬದವರು ಸಮ್ಮೇಳನಗಳಿಗೆ ಹೋಗುತ್ತಾರೆ. ಮೇಜು ಹಾಕಿಕೊಂಡು ಸಹಿ ಮಾರುತ್ತಾರೆ, ಫೋಟೋಗೆ ನಿಲ್ಲುತ್ತಾರೆ. ಯಾರ ಮೇಜಿನ ಮುಂದೆ ಸಾಲು ಉದ್ದವೋ ಅವನೇ ದೊರೆ. ಸಂಘಟಕರಿಗೆ ಅವನು ಬೇಕು, ಟಿಕೆಟ್ ಹೋಗುವುದೇ ಅವನ ಹೆಸರಿನಲ್ಲಿ. ಅಲ್ಲಿ ಆಫೀಸು ಅಂದರೆ ಹೋಟೆಲಿನ ಲಾಬಿ, ಬಾರು, ಲಿಫ್ಟು. ದೂರು ಯಾರಿಗೆ ಕೊಡುವುದು? ಸ್ಟುಡಿಯೋದವರು 'ಅದು ನಮ್ಮ ಜಾಗವಲ್ಲ' ಅನ್ನುತ್ತಾರೆ, ಸಮ್ಮೇಳನದವರು 'ಅವರು ನಮ್ಮ ನೌಕರರಲ್ಲ' ಅನ್ನುತ್ತಾರೆ. ದಂಧೆಯ ಜಾಣತನವೆಲ್ಲ ಈ ಎರಡು ವಾಕ್ಯಗಳ ನಡುವಿನ ಸಂದಿಯಲ್ಲಿದೆ.

ಹಾಗಾದರೆ ಕೆಲಸ ಕಿತ್ತುಕೊಳ್ಳುವ ಶಕ್ತಿ ನಿಜಕ್ಕೂ ಯಾರಿಗಿದೆ? 'ಮಾಬ್ ಸೈಕೋ 100' ಅನಿಮೆಯ ನಾಯಕನಿಗೆ ಎರಡು ಸರಣಿ ದನಿ ಕೊಟ್ಟವರು ಕೈಲ್ ಮೆಕಾರ್ಲಿ. ಮೂರನೆಯ ಸರಣಿ 2022ರಲ್ಲಿ ಬಂದಾಗ ಅವರು ಕ್ರಂಚಿರೋಲ್ ಮುಂದಿಟ್ಟದ್ದು ಒಂದೇ ಬೇಡಿಕೆ. ಈ ಸಲ ಸಂಘದ ಕರಾರಿಲ್ಲದೆಯೇ ಕೆಲಸ ಮಾಡುತ್ತೇನೆ, ಮುಂದಿನ ಕೆಲಸಗಳ ಬಗ್ಗೆ ನಟರ ಸಂಘದ ಜೊತೆ ಒಮ್ಮೆ ಕೂತು ಮಾತಾಡಿ, ಅಷ್ಟು ಸಾಕು. ಕಂಪನಿ ಕೂರಲಿಲ್ಲ. ಪಾತ್ರ ಬೇರೆಯವರ ಪಾಲಾಯಿತು. ಬಡವನ ಕೋಪ ದವಡೆಗೆ ಮೂಲ ಅಂತ ನಮ್ಮವರು ಸುಮ್ಮನೆ ಹೇಳಿಲ್ಲ. ಇದನ್ನು ಯಾರೂ ಸಂಚು ಎನ್ನಲಿಲ್ಲ. ಬಂಡವಾಳ ಮಾಡಿದರೆ ಅದು ವ್ಯವಹಾರ.

ಅನಿಮೆಯ ತವರಾದ ಜಪಾನಿನಲ್ಲಿ ಎಲ್ಲರೂ ಒಂದೇ ಕೋಣೆಯಲ್ಲಿ ಕೂಡಿ ದನಿ ಕೊಡುವ ರೂಢಿಯಿದೆ. ಮೈಕುಗಳು ಮೂರು ನಾಲ್ಕು, ಕಲಾವಿದರು ಹತ್ತಾರು. ಪುಟ ತಿರುವಿದ ಸದ್ದೂ ಆಗದಂತೆ ಒಬ್ಬರು ಸರಿದು ಇನ್ನೊಬ್ಬರಿಗೆ ಜಾಗ ಬಿಡಬೇಕು. ನೋಡುವುದಕ್ಕೆ ಚೆಂದ. ಆದರೆ ದರಪಟ್ಟಿಯ ತಳದಲ್ಲಿರುವ ಹೊಸಬರಿಗೆ ಅರ್ಧ ಗಂಟೆಯ ಒಂದು ಕಂತಿಗೆ 15,000 ಯೆನ್, ಒಂದು ಸಾಲು ಹೇಳಿದರೂ ಅಷ್ಟೇ, ನೂರು ಸಾಲು ಹೇಳಿದರೂ ಅಷ್ಟೇ. 1973ರಲ್ಲಿ ಅಲ್ಲಿನ ಕಂಠ ಕಲಾವಿದರು ಕೂಲಿಗಾಗಿ ಬೀದಿಗಿಳಿದಿದ್ದರು. 2022ರಲ್ಲಿ ಕಲಾವಿದರೇ ಸೇರಿ ನಡೆಸಿದ ಸಮೀಕ್ಷೆಯಲ್ಲಿ ಉತ್ತರಿಸಿದವರ ಪೈಕಿ ಮುಕ್ಕಾಲು ಪಾಲು ಜನರ ವರ್ಷದ ಗಳಿಕೆ 30 ಲಕ್ಷ ಯೆನ್ ಕೂಡ ಇರಲಿಲ್ಲ. 2024ರಲ್ಲಿ ಹಿರಿಯ ಕಲಾವಿದ ತೋರು ಫುರುಯಾ ಅವರ ಪ್ರಕರಣ ಹೊರಬಿತ್ತು. ಅಭಿಮಾನಿಯೊಬ್ಬಳ ಜೊತೆ ವರ್ಷಗಟ್ಟಲೆ ಸಂಬಂಧವಿತ್ತು, ಜಗಳದಲ್ಲಿ ಕೈ ಮಾಡಿದ್ದೂ ನಿಜ ಎಂದು ಅವರೇ ಒಪ್ಪಿಕೊಂಡು ಕ್ಷಮೆ ಕೇಳಿದರು, ದೊಡ್ಡ ಪಾತ್ರಗಳಿಂದ ಹಿಂದೆ ಸರಿದರು. ಅದು ಹೊರಬಿದ್ದದ್ದು ವಾರಪತ್ರಿಕೆಯ ಮೂಲಕ. ಸ್ವತಂತ್ರವಾಗಿ ದುಡಿಯುವವರಿಗೂ ಕಿರುಕುಳದಿಂದ ರಕ್ಷಣೆ ಕೊಡಬೇಕು ಎಂಬ ಕಾಯ್ದೆ ಅಲ್ಲಿ ಜಾರಿಗೆ ಬಂದದ್ದು ಅದೇ ವರ್ಷದ ನವೆಂಬರ್‌ನಲ್ಲಿ. ಬಹಳ ತಡವಾಗಿ.

ಸಂಘವಿದ್ದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಚೆನ್ನೈ ಕಡೆ ಕತ್ತು ತಿರುಗಿಸಲಿ. ಗಾಯಕಿ, ಡಬ್ಬಿಂಗ್ ಕಲಾವಿದೆ ಚಿನ್ಮಯಿ ಶ್ರೀಪಾದ 2018ರ ಅಕ್ಟೋಬರ್‌ನಲ್ಲಿ ಕವಿ ವೈರಮುತ್ತು ಮೇಲೆ ಲೈಂಗಿಕ ಕಿರುಕುಳದ ಆರೋಪ ಮಾಡಿದರು. ವೈರಮುತ್ತು ನಿರಾಕರಿಸಿದರು. ಮರುತಿಂಗಳೇ ರಾಧಾ ರವಿ ಅಧ್ಯಕ್ಷತೆಯ ಡಬ್ಬಿಂಗ್ ಕಲಾವಿದರ ಸಂಘ ಚಿನ್ಮಯಿ ಸದಸ್ಯತ್ವವನ್ನು ಕಿತ್ತುಹಾಕಿತು. ಕೊಟ್ಟ ಕಾರಣ, ಚಂದಾ ಬಾಕಿ! ತಮಿಳು ಡಬ್ಬಿಂಗಿನ ಬಾಗಿಲು ಅವರಿಗೆ ವರ್ಷಗಟ್ಟಲೆ ಮುಚ್ಚಿತು. 2023ರಲ್ಲಿ ನಿರ್ದೇಶಕ ಲೋಕೇಶ್ ಕನಗರಾಜ್ ಧೈರ್ಯ ಮಾಡಿ 'ಲಿಯೋ'ದಲ್ಲಿ ತ್ರಿಷಾಗೆ ಅವರಿಂದಲೇ ದನಿ ಕೊಡಿಸಿದರು, ತಮಿಳು, ತೆಲುಗು, ಕನ್ನಡ ಮೂರರಲ್ಲೂ. ಅಮೆರಿಕದಲ್ಲಿ ಸಂಘದ ಹೆಸರೆತ್ತಿದವನ ಪಾತ್ರ ಹೋಯಿತು, ಚೆನ್ನೈಯಲ್ಲಿ ಸಂಘವೇ ಕಲಾವಿದೆಯನ್ನು ಹೊರಗಟ್ಟಿತು. ಎರಡೂ ಕಡೆ ಬೀಗದ ಕೈ ದುಡಿಯುವವರ ಕೈಯಲ್ಲಿರಲಿಲ್ಲ.

ಸುಳ್ಳು ದೂರು ಬರುವುದಿಲ್ಲವೇ, ಮತ್ಸರದಿಂದ ಹೆಸರು ಕೆಡಿಸುವವರಿಲ್ಲವೇ ಎಂದು ಕೇಳುತ್ತೀರಿ. ಇರಬಹುದು ಸ್ವಾಮಿ. ಅದನ್ನು ಸೋಸಲಿಕ್ಕೆ ವಿಚಾರಣೆ ಬೇಕು, ವಿಚಾರಣೆಗೆ ಸಮಿತಿ ಬೇಕು. ಸಮಿತಿ ಮಾಡದೆ ಕೂತು ದೂರಿದವರನ್ನೇ ಮತ್ಸರಿಗಳು ಎನ್ನುವುದು ಯಾವ ಊರಿನ ನ್ಯಾಯ?

ಕನ್ನಡದಲ್ಲಿ ಡಬ್ಬಿಂಗನ್ನು ದಶಕಗಳ ಕಾಲ ಬಾಗಿಲಾಚೆಯೇ ನಿಲ್ಲಿಸಿದ್ದೆವು. 2015ರಲ್ಲಿ ಭಾರತದ ಸ್ಪರ್ಧಾ ಆಯೋಗ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕಿದ ಮೇಲೆ ಆ ಬಾಗಿಲು ತೆರೆಯಿತು. ಈಗ ಬೆಂಗಳೂರಿನಲ್ಲೂ ಹುಡುಗ ಹುಡುಗಿಯರು ಗಾಜಿನ ಮುಂದೆ ನಿಂತು ಹೊರಭಾಷೆಯ ಬಾಯಿಗಳಿಗೆ ಕನ್ನಡ ಕೂರಿಸುತ್ತಿದ್ದಾರೆ. ದುಡಿಯುವ ಜಾಗದಲ್ಲಿ ಹೆಂಗಸರಿಗೆ ಲೈಂಗಿಕ ಕಿರುಕುಳದಿಂದ ರಕ್ಷಣೆ ಕೊಡುವ 2013ರ ಕಾಯ್ದೆ ಈ ಹುಡುಗಿಯರಿಗೂ ಅನ್ವಯಿಸುತ್ತದೆ, ಒಂದು ದಿನದ ಕೆಲಸಕ್ಕೆ ಬಂದು ಹೋದವರಿಗೂ. ಹತ್ತು ಜನ ದುಡಿಯುವ ಜಾಗದಲ್ಲಿ ಆಂತರಿಕ ಸಮಿತಿ ಇರಬೇಕು. ಹತ್ತಕ್ಕಿಂತ ಕಡಿಮೆಯಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿ ದೂರು ತೆಗೆದುಕೊಳ್ಳಬೇಕು. ಆಂತರಿಕ ಸಮಿತಿಯನ್ನು ರಚಿಸಿದ ಆದೇಶವನ್ನು ಎಲ್ಲರಿಗೂ ಕಾಣುವ ಹಾಗೆ ಗೋಡೆಗೆ ಹಚ್ಚಬೇಕು, ತಪ್ಪಿದರೆ 50 ಸಾವಿರ ರೂಪಾಯಿವರೆಗೆ ದಂಡ. ಆ ಕಾಗದ ಎಲ್ಲಿ ಎಂದು ಒಬ್ಬಳೇ ಕೇಳಿದರೆ ಜಗಳಗಂಟಿ ಅನ್ನಿಸಿಕೊಳ್ಳುತ್ತಾಳೆ, ಮುಂದಿನ ಸಿನಿಮಾಕ್ಕೆ ಅವಳ ಫೋನು ಹೊಡೆದುಕೊಳ್ಳುವುದಿಲ್ಲ. ಆದ್ದರಿಂದ ನಾಯಕನಿಗೆ ದನಿ ಕೊಡುವ ಗಂಡಸರೂ ಸೇರಿ ಹತ್ತು ಜನ ಒಟ್ಟಿಗೇ ಹೋಗಿ ಕೇಳಿ.